ಎಂಟು, ಒಂಬತ್ತು

ಜೂನ್ 4

ಪ್ರೀತಿಯ ಚಿಕ್ಕಮ್ಮ,

ಫೋನು ಮಾಡಿದರೆ ನಿನ್ನ ಕಿವಿಗೆ ಅರ್ಧ ಬೀಳುವುದಿಲ್ಲ, ಉಳಿದರ್ಧಕ್ಕೆ ನೀನೇ ಅರ್ಥ ಕಟ್ಟಿಕೊಳ್ಳುತ್ತೀಯ. ಅದಕ್ಕೇ ಕಾಗದ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಖುಷಿಯಲ್ಲಿ ಅವಸರಕ್ಕೆ ಬರೆಯುತ್ತಿದ್ದೇನೆ.

ಈ ದೊಡ್ಡ ಆಸ್ಪತ್ರೆಗೆ ಬಂದು ಮೂರು ತಿಂಗಳಾದರೂ ಹೆರಿಗೆ ಕೋಣೆಯಲ್ಲಿ ನನ್ನನ್ನು 'ಆ ಸಣ್ಣ ನರ್ಸಿಂಗ್ ಹೋಮಿನವಳು' ಎಂದೇ ಕರೆಯುತ್ತಿದ್ದರು. ಇವತ್ತು ಬೆಳಿಗ್ಗೆ ಹತ್ತಕ್ಕೆ ಎರಡು ಟೇಬಲ್ಲಿನಲ್ಲೂ ಒಟ್ಟಿಗೆ ಹೆರಿಗೆ. ಆಚೆ ಟೇಬಲ್ಲಿನವಳಿಗೆ ರಕ್ತ ನಿಲ್ಲುತ್ತಿರಲಿಲ್ಲ, ಡಾಕ್ಟರೂ ಉಳಿದವರೂ ಅಲ್ಲೇ. ಈಚೆ ಟೇಬಲ್ಲಿಗೆ ನಾನೊಬ್ಬಳು, ಜೊತೆಗೆ ಆಯಾ. ನನ್ನ ಪಾಲಿಗೆ ಬಂದವಳು ಶಾಲೆಯಲ್ಲಿ ಹೊಲಿಗೆ ಕಲಿಸುವ ಟೀಚರ್, ಚೊಚ್ಚಲು.

ಮಗು ಬಂತು, ಸದ್ದಿಲ್ಲ. ಮೈಯೆಲ್ಲ ನೀಲಿ, ಕೈಕಾಲು ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿತ್ತು. ಒರೆಸಿದೆ, ಬೆನ್ನು ತಿಕ್ಕಿದೆ, ಪಾದಕ್ಕೆ ತಟ್ಟಿದೆ. ಊಹೂಂ. ಮುಖಕ್ಕೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತಿ ಉಸಿರು ಕೊಡತೊಡಗಿದೆ. "ಸಿಸ್ಟರ್, ಯಾಕೆ ಅಳ್ತಿಲ್ಲ?" ಎಂದು ಟೀಚರ್ ತಲೆ ಎತ್ತಿ ಕೇಳಿದಳು. "ಈಗ ಅಳ್ತಾನೆ, ನಿಮ್ಮ ಕಿವಿ ತೂತಾಗೋ ಹಾಗೆ ಅಳ್ತಾನೆ" ಎಂದೆ. ಒತ್ತುತ್ತಲೇ ಇದ್ದೆ. ಕೊನೆಗೊಮ್ಮೆ ಮುಲುಕಿದ, ಆಮೇಲೆ ಅತ್ತ. ಆಯಾ ನನ್ನ ಬೆನ್ನಿಗೊಂದು ಗುದ್ದಿ, "ಸಣ್ಣ ಕಡೆಯಿಂದ ಬಂದವಳ ಕೈ ದೊಡ್ಡದು ಕಣೇ" ಎಂದಳು.

ನೀನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದೆಯಲ್ಲ: ಬಣ್ಣ, ಎದೆಬಡಿತ, ಉಸಿರು, ಕೈಕಾಲಿನ ಬಿಗಿ, ಕೆಣಕಿದರೆ ಮುಖ ಕಿವುಚುತ್ತದೆಯೇ, ಒಂದೊಂದಕ್ಕೆ ಎರಡು, ಒಟ್ಟು ಹತ್ತು, ಹುಟ್ಟಿದ ಒಂದನೇ ನಿಮಿಷಕ್ಕೆ ಒಂದು ಸಲ, ಐದನೇ ನಿಮಿಷಕ್ಕೆ ಇನ್ನೊಂದು ಸಲ. ಇಲ್ಲಿಯ ಹುಡುಗಿಯರು ಆ ಅಂಕಗಳನ್ನು ಬರೆಯಲು ಪ್ರತಿ ಸಲವೂ ಗಡಿಯಾರ ನೋಡಿ ಪರದಾಡುತ್ತಾರೆ. ನನ್ನದು ನಿನ್ನ ಪದ್ಧತಿ. ನೋವು ಜೋರಾದಾಗಲೇ ಎಂಟು, ಒಂಬತ್ತು ಎಂದು ಬರೆದಿಟ್ಟಿದ್ದೆ. ಡಾಕ್ಟರು ಬಂದು ಅವಸರದಲ್ಲಿ ಸಹಿ ಹಾಕಿ ಹೋದರು. ಹತ್ತೂವರೆಗೆಲ್ಲ ಮಗು ತಾಯಿಯ ಮಗ್ಗುಲಲ್ಲಿತ್ತು.

ಊಟ ಮಾಡಿಲ್ಲ, ಹಸಿವೂ ಇಲ್ಲ. ನಿನಗೆ ಹೇಳದೆ ಯಾರಿಗೆ ಹೇಳಲಿ?

ನಿನ್ನ
ಕಡ್ಡಿ


ಜೂನ್ 10

ಕಡ್ಡಿ,

ನಿನ್ನ ಕಾಗದವನ್ನು ಎದುರುಮನೆಯವಳಿಗೆ ಎರಡು ಸಲ ಓದಿ ಹೇಳಿದೆ. ಎರಡನೇ ಸಲ ಅವಳು ಕೇಳದಿದ್ದರೂ ಓದಿದೆ. ನಿನ್ನಮ್ಮ ಹೋದಾಗ ಮೂರು ವರ್ಷದ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದವಳು ನಾನು. ಹೆರಿಗೆ ಕೋಣೆಯ ಬಾಗಿಲಲ್ಲಿ ಕೂತು ಬೆಳೆದವಳಿಗೆ ಇಷ್ಟಾದರೂ ಬರದಿದ್ದರೆ ಹೇಗೆ? ಹೊಗಳಿಕೆಗೆ ಉಬ್ಬಬೇಡ. ನಿನ್ನ ಮೈಗೆ ಉಬ್ಬಿದರೂ ಕಾಣುವುದಿಲ್ಲ, ಅದು ಬೇರೆ ಮಾತು. ಹೊತ್ತುಹೊತ್ತಿಗೆ ಉಣ್ಣು.

ಮೊಣಕಾಲು ಇದ್ದ ಹಾಗೇ ಇದೆ. ನಿವೃತ್ತಿಯಾದ ಮೇಲೆ ಕೂತು ತಿನ್ನುತ್ತಿದ್ದೇನೆ, ಅದು ಹೊರಲಾರೆ ಅನ್ನುತ್ತಿದೆ.

ಎಷ್ಟನೇ ನಿಮಿಷಕ್ಕೆ ಅತ್ತ? ಅದನ್ನು ನೀನು ಬರೆದಿಲ್ಲ. ಸುಮ್ಮನೆ ಕೇಳಿದೆ.

ಚಿಕ್ಕಮ್ಮ


ಜೂನ್ 19

ಚಿಕ್ಕಮ್ಮ,

ಎಷ್ಟನೇ ನಿಮಿಷಕ್ಕೆ ಎಂದು ನನಗೆ ಗೊತ್ತಿಲ್ಲ. ಗಡಿಯಾರ ನನ್ನ ತಲೆಯ ಮೇಲೇ ಇತ್ತು, ನಾನು ತಲೆ ಎತ್ತಲಿಲ್ಲ. ಆರು ಇರಬಹುದು, ಎಂಟೂ ಇರಬಹುದು. ಐದರೊಳಗೆ ಅಲ್ಲ.

ಅವತ್ತೇ ಸಂಜೆ ಆರಕ್ಕೆ ಮಗುವಿಗೆ ಫಿಟ್ಸ್ ಬಂದಿದೆ. ನಾನು ಪಾಳಿ ಮುಗಿಸಿ ಹಾಸ್ಟೆಲ್ಲಿಗೆ ಬಂದು ನಿನಗೆ ಆ ಕಾಗದ ಬರೆಯುತ್ತಿದ್ದ ಹೊತ್ತು ಅದು. ಮಾರನೇ ದಿನ ಹೋದರೆ ತೊಟ್ಟಿಲು ಖಾಲಿ. ಮಗುವನ್ನು ಮಕ್ಕಳ ವಿಭಾಗದ ಗಾಜಿನ ಪೆಟ್ಟಿಗೆಗೆ ಸಾಗಿಸಿದ್ದರು. ಆಗಲೇ ಬರೆಯಬೇಕಿತ್ತು, ಪೆನ್ನು ಏಳಲಿಲ್ಲ.

ಮಕ್ಕಳ ಡಾಕ್ಟರು ಫೈಲನ್ನು ಹಿಂದೆ ಮುಂದೆ ತಿರುವುತ್ತಾರೆ. ಎಂಟು, ಒಂಬತ್ತು. "ಹುಟ್ಟಿದಾಗ ಇಷ್ಟು ಗಟ್ಟಿಯಾಗಿದ್ದ ಮಗುಗೆ ಇದೆಲ್ಲಿಂದ ಬಂತು?" ಎಂದು ಬೇರೆ ಕಾರಣ ಹುಡುಕುತ್ತಿದ್ದಾರೆ. ಮಗುವಿನ ರಕ್ತ, ತಾಯಿಯ ರಕ್ತ, ಬೆನ್ನಿನಿಂದ ನೀರು. ಅಷ್ಟು ಸಣ್ಣ ಬೆನ್ನಿಗೆ ಸೂಜಿ ಚುಚ್ಚುವಾಗ ಮಗುವನ್ನು ಬಾಗಿಸಿ ಹಿಡಿಯಲು ನನ್ನನ್ನೇ ಕರೆದರು, ಹಿಡಿದೆ.

ಟೀಚರ್ ಹೇಳಿದಳು, "ಡಾಕ್ಟ್ರೇ, ಅವನು ತುಂಬಾ ಹೊತ್ತು ಅಳ್ಲಿಲ್ಲ. ನೀಲಿ ಇದ್ದ." ಡಾಕ್ಟರು ಒಳ್ಳೆಯವರು, ಮೆತ್ತಗೇ ಹೇಳಿದರು: "ನೋವಲ್ಲಿ ಹಾಗೇ ಅನ್ಸತ್ತಮ್ಮ. ಒಂದು ನಿಮಿಷ ಒಂದು ಗಂಟೆ ಆಗತ್ತೆ. ಇಲ್ಲಿ ಬರೆದಿದೆಯಲ್ಲ." ಅವಳು ನನ್ನ ಕಡೆ ತಿರುಗಿದಳು. "ಸಿಸ್ಟರ್, ನೀವೇ ಇದ್ರಲ್ಲ. ಹೇಳಿ."

"ಸ್ವಲ್ಪ ತಡ ಆಯ್ತು ಅಷ್ಟೇ" ಎಂದೆ.

ಸುಳ್ಳು ಇಷ್ಟು ಸಲೀಸಾಗಿ ಬಾಯಿಗೆ ಬರುತ್ತದೆಂದು ಗೊತ್ತಿರಲಿಲ್ಲ. ನಾನೇನು ಮಾಡಲಿ?

ಕಡ್ಡಿ


ಜೂನ್ 25

ಕಡ್ಡಿ,

ಫೈಲಿನಲ್ಲಿ ಬರೆದದ್ದು ಬರೆದ ಹಾಗೇ ಇರಲಿ, ಮುಟ್ಟಬೇಡ. ನೀನು ಕೊಲೆ ಮಾಡಿಲ್ಲ, ಉಸಿರು ಕೊಟ್ಟಿದ್ದೀಯ. ನೀನಿರದಿದ್ದರೆ ಆ ಮಗು ಅಲ್ಲೇ ಮುಗಿದಿರುತ್ತಿತ್ತು. ಇದೇ ಸತ್ಯ, ಉಳಿದದ್ದು ಎರಡು ಅಂಕೆ. ಎರಡು ಅಂಕೆಗಾಗಿ ಕೆಲಸ ಕಳೆದುಕೊಂಡರೆ ನಾಳೆ ಬರುವ ಮಕ್ಕಳಿಗೆ ಉಸಿರು ಕೊಡುವವರು ಯಾರು? ಮಗು ಚೇತರಿಸಿಕೊಳ್ಳುತ್ತದೆ. ಮಕ್ಕಳು ನಾವೆಣಿಸಿದ್ದಕ್ಕಿಂತ ಗಟ್ಟಿ.

ಈ ವಿಷಯವನ್ನು ಇನ್ನು ಕಾಗದದಲ್ಲಿ ಬರೆಯಬೇಡ. ಓದಿದ ಕೂಡಲೇ ಇದನ್ನು ಹರಿದುಹಾಕು.

ಚಿಕ್ಕಮ್ಮ


ಜುಲೈ 21

ಚಿಕ್ಕಮ್ಮನವರಿಗೆ,

ಮನೆಯಲ್ಲಿ 'ನೀನು', ಕೆಲಸದಲ್ಲಿ 'ನೀವು' ಎಂದು ನೀವೇ ಹಾಕಿಕೊಟ್ಟ ನಿಯಮ. ಇದು ಕೆಲಸದ ಕಾಗದ.

ನಿಮ್ಮ ಕಾಗದವನ್ನು ಹರಿದಿಲ್ಲ.

ಮಗುವನ್ನು ನಿನ್ನೆ ಮನೆಗೆ ಕಳಿಸಿದರು. ಫಿಟ್ಸ್ ಹಿಡಿತಕ್ಕೆ ಬಂದಿದೆ, ಹಾಲು ಎಳೆಯಲು ಬರುವುದಿಲ್ಲ. ಮೂಗಿನ ನಳಿಗೆಯಲ್ಲಿ ಹಾಲು ಬಿಡುವುದನ್ನು ಟೀಚರ್ ಎರಡೇ ದಿನದಲ್ಲಿ ಕಲಿತಳು, ಸೂಜಿಗೆ ದಾರ ಪೋಣಿಸಿದಷ್ಟು ನೇರ ಕೈ ಅವಳದು. ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಏನೂ ಸಿಗದಿದ್ದರೆ ಏನು ಬರೆಯುತ್ತಾರೆ ನಿಮಗೆ ಗೊತ್ತು: 'ಬಹುಶಃ ವಂಶದಿಂದ ಬಂದದ್ದು.' ಅವಳ ಅತ್ತೆ ಕಾರಿಡಾರಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು: "ನಮ್ಮ ಕಡೆ ಏಳು ತಲೆಮಾರಲ್ಲಿ ಇಂಥದ್ದಿಲ್ಲ. ಇದು ಇವಳ ರಕ್ತದಲ್ಲೇ ಇರೋದು. ಇನ್ನೊಂದು ಮಗು ಅಂತ ಕನಸಲ್ಲೂ ಎಣಿಸ್ಬೇಡ." ಗಂಡ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಅಲ್ಲಿಂದಲೇ ಅವಳನ್ನು ತವರಿಗೆ ಕಳಿಸಿದರು.

ಹೊರಡುವ ಮುಂಚೆ ಅವಳು ನನ್ನ ಹತ್ತಿರ ಬಂದಳು. ಜಗಳಕ್ಕಲ್ಲ. "ನೀಲಿ ಇತ್ತು ಅಂದ್ರೆ ಎಲ್ರೂ ಭ್ರಮೆ ಅಂತಾರೆ ಸಿಸ್ಟರ್. ಈಗೀಗ ನಂಗೂ ಹಾಗೇ ಅನ್ಸೋಕೆ ಶುರುವಾಗಿದೆ" ಎಂದಳು.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ, ನಿಮ್ಮ ಕಾಲದಲ್ಲಿ ಇರಲಿಲ್ಲ. ಹುಟ್ಟುವಾಗ ಉಸಿರು ಕಟ್ಟಿದ ಮಗುವಿನ ಮೈಯನ್ನು ತಂಪಾಗಿಟ್ಟು ಮಿದುಳನ್ನು ಕಾಪಾಡುವ ಯಂತ್ರ ಇಲ್ಲಿದೆ. ಆರು ಗಂಟೆಯೊಳಗೆ ಶುರುಮಾಡಬೇಕು. ಅಂಕ ಕಡಿಮೆ ಇದ್ದರೆ ಮಗುವನ್ನು ಮಕ್ಕಳ ವಿಭಾಗದವರು ಕೂಡಲೇ ಬಂದು ನೋಡುತ್ತಾರೆ. ನಮ್ಮ ಮಗು ಹುಟ್ಟಿದ್ದು ಹತ್ತಕ್ಕೆ, ಅವರು ನೋಡಿದ್ದು ಸಂಜೆ ಆರರ ಮೇಲೆ. ಆ ಎಂಟು ಗಂಟೆ ಮಗು ನನ್ನ ಎರಡು ಅಂಕೆಗಳ ಭರವಸೆಯ ಮೇಲೆ ತಾಯಿಯ ಮಗ್ಗುಲಲ್ಲಿ ಮಲಗಿತ್ತು. ಯಂತ್ರದಿಂದ ಗುಣವಾಗುತ್ತಿತ್ತೋ ಇಲ್ಲವೋ ಯಾರೂ ಹೇಳಲಾರರು. ನೋಡುವ ಅವಕಾಶವನ್ನೇ ನಾನು ಕಿತ್ತುಕೊಂಡೆ.

"ಕೈ ಒದ್ದೆಯಾಗೋ ಮೊದಲೇ ಕಾಗದದ ಕೆಲಸ ಮುಗಿಸು. ಹತ್ತರಲ್ಲಿ ಒಂಬತ್ತು ಮಕ್ಕಳದು ಎಂಟು, ಒಂಬತ್ತೇ. ಹತ್ತನೇದು ಬಂದ್ರೆ ತಿದ್ದಿದರಾಯ್ತು" ಎಂದು ಕಲಿಸಿದವರು ನೀವು. ಮೂವತ್ತೊಂದು ವರ್ಷದಲ್ಲಿ ನಿಮ್ಮ ಕೈಗೆ ಹತ್ತನೆಯದು ಬರಲೇ ಇಲ್ಲವೇ? ಬಂದಾಗ ತಿದ್ದಿದಿರಾ? ಹೌದೋ ಇಲ್ಲವೋ, ಒಂದೇ ಸಾಲು ಬರೆಯಿರಿ.

ಇಂತಿ,
ನಿಮ್ಮ ಕೈಕೆಳಗೆ ಕೆಲಸ ಕಲಿತವಳು


ಆಗಸ್ಟ್ 17

ಕಡ್ಡಿ,

ಇಲ್ಲ. ತಿದ್ದಲಿಲ್ಲ.

ನಾಲ್ಕು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ನಿನ್ನನ್ನು ಬೈದಿದ್ದೆ: ನಾನು ಕಲಿಸಿದ್ದು ನೂರು ವಿದ್ಯೆ, ನೀನು ಹಿಡಿದದ್ದು ಇದೊಂದನ್ನೇ ಎಂದು. ಎರಡನೆಯದರಲ್ಲಿ ಓದದೆ ಸಹಿ ಹಾಕುವ ಡಾಕ್ಟರುಗಳನ್ನು ಬೈದಿದ್ದೆ. ಮೂರನೆಯದರ ತುಂಬ ನನ್ನ ಮೊಣಕಾಲೇ ಇತ್ತು. ನಾಲ್ಕನೆಯದರಲ್ಲಿ 'ನೆನಪಿಲ್ಲ' ಎಂದು ಬರೆದಿದ್ದೆ. ನೆನಪಿದೆ.

ಅಂಚೆ ಕಚೇರಿಯ ಮಗ್ಗುಲಲ್ಲಿ ಬೀಗ ರಿಪೇರಿಯವನ ಅಂಗಡಿ ಇದೆಯಲ್ಲ. ಅವನ ಮಗಳು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಹಳೆಯ ಕೀಲಿಗಳನ್ನು ತಂತಿಗೆ ಪೋಣಿಸುತ್ತಿರುತ್ತಾಳೆ. ಮಾತು ತೊದಲು, ಬಲಗಾಲು ಎಳೆಯುತ್ತಾಳೆ. ಈಗ ಮೂವತ್ತಾಗಿರಬೇಕು. ಅವಳು ಹುಟ್ಟಿದ್ದು ನನ್ನ ಕೈಯಲ್ಲಿ. ಏಳು ನಿಮಿಷ ಅಳಲಿಲ್ಲ. ನಾನು ಗಡಿಯಾರ ನೋಡಿದ್ದೆ ಕಡ್ಡಿ, ಅಷ್ಟರಮಟ್ಟಿಗೆ ನಾನು ನಿನಗಿಂತ ಕೆಟ್ಟವಳು. ನೋಡಿಯೂ, ಮೊದಲೇ ಬರೆದಿದ್ದ ಎಂಟು, ಒಂಬತ್ತನ್ನು ಹಾಗೇ ಬಿಟ್ಟೆ. ಕಾಗದದ ಮೇಲೆ ಕಾಟು ಹೊಡೆದರೆ ಮೇಲಿನವರು ಯಾಕೆ ಎಂದು ಕೇಳುತ್ತಿದ್ದರು. 'ನನ್ನ ಕೈಯಲ್ಲಿ ಒಂದು ಮಗುವೂ ಕೆಟ್ಟಿಲ್ಲ' ಎಂದು ಹೇಳಿಕೊಂಡು ತಿರುಗುತ್ತಿದ್ದೆ, ಆ ಹೆಸರು ನನಗೆ ಬೇಕಿತ್ತು.

ಗಂಡ ಹೆಂಡತಿ ಆ ಕೂಸನ್ನು ಎತ್ತಿಕೊಂಡು ಕಾರಣ ಹುಡುಕುತ್ತ ಎಷ್ಟು ಊರು ತಿರುಗಿದರು ಎಂದು ನನಗೆ ಗೊತ್ತು. ನನ್ನ ಹತ್ತಿರವೂ ಬಂದು ಕೇಳಿದ್ದರು. 'ಹುಟ್ಟಿದಾಗ ಚೆನ್ನಾಗೇ ಇದ್ಲು' ಎಂದಿದ್ದೆ. ನಿವೃತ್ತಿಯಾದಾಗಿನಿಂದ ಆ ಅಂಗಡಿಗೆ ವರ್ಷಕ್ಕೆರಡು ಸಲ ಹೋಗುತ್ತಿದ್ದೇನೆ, ಹೇಳಬೇಕು ಎಂದು. ಹೋಗಿ ಒಂದು ಬೀಗ ಕೊಂಡು ಬರುತ್ತೇನೆ. ನನ್ನ ಮನೆಗೆ ಎರಡು ಬಾಗಿಲು, ಹನ್ನೊಂದು ಬೀಗ ಇವೆ.

ಹೋಗಿ ಹೇಳಿಬಿಡು. ಈ ಪದ್ಧತಿ ಕಲಿಸಿದವಳು ನಾನೇ ಎಂದು ಬರೆದು ಸಹಿ ಹಾಕಿದ ಹೇಳಿಕೆಯನ್ನು ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ಮೇಲಿನವರಿಗೆ ಕೊಡು.

ನಿನ್ನ
ಚಿಕ್ಕಮ್ಮ


ಸೆಪ್ಟೆಂಬರ್ 12

ಚಿಕ್ಕಮ್ಮ,

ನಿನ್ನ ಕಾಗದ ಬರುವ ಎರಡು ದಿನ ಮೊದಲೇ ಹೇಳಿಬಿಟ್ಟಿದ್ದೆ. ನಿನ್ನ ಉತ್ತರ ಕಾಯುತ್ತಿದ್ದರೆ ಇನ್ನೊಂದು ತಿಂಗಳು ಹೋಗುತ್ತದೆ ಅನ್ನಿಸಿತು. ಸಿಟ್ಟೂ ಇತ್ತು, ಮುಚ್ಚಿಡುವುದಿಲ್ಲ.

ಮಗುವನ್ನು ತೋರಿಸಲು ಟೀಚರ್ ತನ್ನ ಅಣ್ಣನ ಜೊತೆ ಬಂದಿದ್ದಳು, ಗಂಡನೂ ಬಂದಿದ್ದ. ನಾನು ಮಕ್ಕಳ ಡಾಕ್ಟರ ಕೋಣೆಗೆ ಹೋಗಿ ನಿಂತೆ. ಪೀಠಿಕೆ ಹಾಕಲು ಬರಲಿಲ್ಲ. "ಆ ಅಂಕಗಳನ್ನ ನಾನು ಮಗು ಹುಟ್ಟೋ ಮೊದಲೇ ಬರೆದಿದ್ದೆ. ಹುಟ್ಟಿದಾಗ ಇವನಿಗೆ ಉಸಿರಿರಲಿಲ್ಲ. ಐದು ನಿಮಿಷ ಆದ್ಮೇಲೂ ಇರಲಿಲ್ಲ" ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಅಣ್ಣ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ, ಹೊಡೆಯುತ್ತಾನೆ ಅಂದುಕೊಂಡೆ. ಟೀಚರ್ ಅವನ ತೋಳು ಹಿಡಿದಳು. ನನ್ನನ್ನು ಒಂದೇ ಮಾತು ಕೇಳಿದಳು: "ಹಾಗಾದ್ರೆ ನಾನು ನೋಡಿದ್ದು ನಿಜ?"

"ನಿಜ."

ಅವಳು ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ಗಂಡ ಹಿಂದೆಯೇ ಓಡಿದ.

ವಿಚಾರಣೆ ನಡೆಯಿತು. ಸಹಿ ಹಾಕಿದ ಡಾಕ್ಟರು ನನ್ನ ಮುಖ ನೋಡುವುದಿಲ್ಲ. ಫೈಲಿನಲ್ಲಿ 'ವಂಶದಿಂದ' ಎಂಬುದನ್ನು ಹೊಡೆದು 'ಹುಟ್ಟುವಾಗ ಉಸಿರು ಕಟ್ಟಿದ್ದರಿಂದ' ಎಂದು ಬರೆದಿದ್ದಾರೆ. ನನ್ನನ್ನು ಒಂದು ವರ್ಷ ಹೆರಿಗೆ ಕೋಣೆಯಿಂದ ಹೊರಗಿಟ್ಟು ಬಟ್ಟೆ ಕೋಣೆಗೆ ಹಾಕಿದ್ದಾರೆ. ಒಗೆದು ಬಂದ ಹಾಸಿಗೆ ಬಟ್ಟೆ ಮಡಿಸುತ್ತೇನೆ. ಕೆಲಸದಿಂದ ತೆಗೆದುಹಾಕಿದ್ದರೆ ಚೆನ್ನಾಗಿತ್ತು ಎಂದು ಕೆಲವು ದಿನ ಅನ್ನಿಸುತ್ತದೆ.

ನಿನ್ನ ಹೇಳಿಕೆಯನ್ನು ಯಾರಿಗೂ ಕೊಟ್ಟಿಲ್ಲ, ವಾಪಸ್ಸು ಕಳಿಸುತ್ತಿದ್ದೇನೆ. ಬರೆದ ಕೈ ನನ್ನದು. ಇದನ್ನು ಓದಬೇಕಾದವರು ಇಲ್ಲಿಲ್ಲ ಚಿಕ್ಕಮ್ಮ, ಅಂಚೆ ಕಚೇರಿಯ ಮಗ್ಗುಲಲ್ಲಿದ್ದಾರೆ.

ಕಡ್ಡಿ


ಸೆಪ್ಟೆಂಬರ್ 30

ಕಡ್ಡಿ,

ಹೋಗಿದ್ದೆ. ಮಂಗಳವಾರ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು. ಅವನು ಕೀಲಿಯೊಂದನ್ನು ಅರದಿಂದ ಉಜ್ಜುತ್ತಿದ್ದ. "ಯಾವ ಬೀಗ ಕೊಡ್ಲಿ ಸಿಸ್ಟರಮ್ಮ?" ಎಂದ. ಬೀಗ ಬೇಡ ಎಂದೆ. ಮಗಳ ಎದುರೇ ಹೇಳಿದೆ, ಅವಳಿಗೂ ಹಕ್ಕಿದೆ ಅನ್ನಿಸಿತು.

ಅವನು ಬಹಳ ಹೊತ್ತು ಉಜ್ಜುತ್ತಲೇ ಇದ್ದ. ನನ್ನ ಕಿವಿಗೆ ಬೀಳಲೆಂದು ಹತ್ತಿರ ಬಗ್ಗಿ ಹೇಳಿದ: "ನನ್ ಹೆಂಡ್ತಿ ಸಾಯೋ ತನಕ ಕೇಳ್ತಿದ್ಲು, ಬಸುರೀಲಿ ನಾನೇನು ತಪ್ಪು ಮಾಡ್ದೆ ಅಂತ. ಭಾರ ಎತ್ತಿದ್ನಾ, ಏನಾದ್ರೂ ತಿನ್ಬಾರದ್ದು ತಿಂದ್ನಾ ಅಂತ. ಅವ್ಳು ಹೋಗಿ ನಾಲ್ಕು ವರ್ಷ ಆಯ್ತು. ಐದು ವರ್ಷ ಮೊದ್ಲು ಬರ್ಬಾರ್ದಿತ್ತಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಮಗಳು ನನ್ನ ಕೈ ಹಿಡಿದು ತನ್ನ ಸ್ಟೂಲಿನ ಮೇಲೆ ಕೂರಿಸಿದಳು. ಮೊಣಕಾಲು ನೋಯುತ್ತದೆಂದು ಅವಳಿಗೆ ಗೊತ್ತು, ಎಷ್ಟೋ ವರ್ಷದಿಂದ ಕುಂಟಿಕೊಂಡು ಬರುವುದನ್ನು ನೋಡಿದ್ದಾಳೆ.

ನೀನು ಹೊತ್ತು ಮೀರುವ ಮುಂಚೆ ಹೇಳಿದೆ. ತಡಮಾಡುವುದನ್ನಾದರೂ ನನ್ನಿಂದ ಕಲಿಯಲಿಲ್ಲವಲ್ಲ ಎಂದು ಸಮಾಧಾನ.

ನಿನ್ನ
ಚಿಕ್ಕಮ್ಮ


ಜನವರಿ 12

ಪ್ರೀತಿಯ ಚಿಕ್ಕಮ್ಮ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕ್ಷಮಿಸು. ಬಟ್ಟೆ ಮಡಿಸಿದೆ, ಉಂಡೆ, ಮಲಗಿದೆ ಎಂದು ಬರೆಯುವುದಕ್ಕೆ ಅಂಚೆಚೀಟಿ ದಂಡ.

ಇವತ್ತು ಮಧ್ಯಾಹ್ನ ಬಟ್ಟೆ ಕೋಣೆಯ ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ನೋಡಿದರೆ ಟೀಚರ್, ಹೆಗಲ ಮೇಲೆ ಮಗು. ಗಂಡನ ಮನೆಗೆ ಮರಳಿ ಹೋಗಿದ್ದಾಳಂತೆ. ಅತ್ತೆ ಈಗ ರಕ್ತದ ಮಾತು ಎತ್ತುವುದಿಲ್ಲವಂತೆ, ಬೈಗುಳವೆಲ್ಲ ಈಗ ನನ್ನ ಪಾಲಿಗೆ. ಇದನ್ನು ಅವಳು ಸುದ್ದಿ ಹೇಳುವ ಹಾಗೆ ಹೇಳಿದಳು, ನಗಲಿಲ್ಲ. ಕೂರಿ ಎಂದೆ, ಕೂರಲಿಲ್ಲ.

"ಇವನನ್ನ ನೋಡಿ ಹೇಳಿ" ಎಂದಳು.

ನಾನು ಡಾಕ್ಟರಲ್ಲ, ಈಗ ಈ ಕೋಣೆಯಲ್ಲಿ ನರ್ಸ್ ಕೂಡ ಅಲ್ಲ ಎಂದೆ.

"ಡಾಕ್ಟ್ರು ಕಾದು ನೋಡೋಣ ಅಂತಾರೆ. ಮನೇಲಿ ಎಲ್ಲಾ ಸರಿಹೋಗತ್ತೆ ಅಂತಾರೆ. ನನ್ನ ಮುಖ ನೋಡಿ ಎಲ್ರೂ ನುಂಗ್ಕೋತಾರೆ. ನಾನು ನಿಮ್ಮನ್ನ ಕ್ಷಮಿಸಿಲ್ಲ, ಕ್ಷಮಿಸ್ತೀನಿ ಅಂತಾನೂ ಅಂದ್ಕೋಬೇಡಿ. ಆದ್ರೆ ಇನ್ನೊಂದ್ಸಲ ನಂಗೆ ಸುಳ್ಳು ಹೇಳೋ ಧೈರ್ಯ ನಿಮಗಿಲ್ಲ. ಅದಕ್ಕೇ ಬಂದೆ."

ಕೈ ತೊಳೆದುಕೊಂಡೆ. ಮಡಿಸಿಟ್ಟ ಬಟ್ಟೆಗಳ ಮೇಲೆ ಅವನನ್ನು ಮಲಗಿಸಿ, ಅಂಗಿ ಬಿಚ್ಚಿ ನೋಡಿದೆ. ಆತುರ ಮಾಡಲಿಲ್ಲ. ಮೈ ಬಣ್ಣ ಚೆನ್ನಾಗಿದೆ. ಎರಡೂ ಕೈ ಹಿಡಿದು ನಿಧಾನಕ್ಕೆ ಎಬ್ಬಿಸಿದರೆ ತಲೆ ಹಿಂದಕ್ಕೆ ಬಿತ್ತು. ಎಡಗೈ ಮುಷ್ಟಿ ಬಿಡಿಸಲು ನೋಡಿದೆ, ಬಿಗಿ. ಕಾಲುಗಳೂ ಬಿಗಿ. ಟೀಚರ್ ಆಚೆ ಮೂಲೆಗೆ ಹೋಗಿ ಅವನನ್ನು ಕರೆದಳು, ಕಣ್ಣು ಆ ಕಡೆಗೆ ಹೊರಳಿ ಅವಳ ಮೇಲೆ ನಿಂತಿತು.

ಅವಳು ಚೀಲದಿಂದ ನೋಟ್‌ಬುಕ್ ತೆಗೆದು ಪೆನ್ಸಿಲ್ ಹಿಡಿದಳು. "ನಿಧಾನ ಹೇಳಿ."

"ಕತ್ತು ಇನ್ನೂ ನಿಂತಿಲ್ಲ. ಏಳು ತಿಂಗಳಿಗೆ ನಿಲ್ಬೇಕಿತ್ತು. ಎಡಗೈ, ಎರಡೂ ಕಾಲು ಬಿಗಿ ಇವೆ, ದಿನಾ ವ್ಯಾಯಾಮ ಮಾಡಿಸ್ಬೇಕು. ಕಣ್ಣು ಚೆನ್ನಾಗಿದೆ, ಕಿವಿ ಚೆನ್ನಾಗಿದೆ. ನಿಮ್ಮನ್ನ ಗುರುತು ಹಿಡೀತಾನೆ."

ಬರೆದುಕೊಂಡಳು. "ನಡೀತಾನಾ?"

ನನ್ನ ಬಾಯಿಗೆ 'ನಡೀತಾನೆ' ಎಂಬುದೇ ಮೊದಲು ಬಂತು ಚಿಕ್ಕಮ್ಮ. ಸತ್ಯ ಹೇಳುತ್ತೇನೆ, ಬಂತು. ನುಂಗಿಕೊಂಡೆ.

"ಗೊತ್ತಿಲ್ಲ. ಕಷ್ಟ ಇದೆ" ಎಂದೆ.

"ಅದನ್ನೂ ಬರ್ಕೊಳ್ಲಾ?"

"ಬರ್ಕೊಳಿ."

ಬರೆದಳು. ತಾರೀಕು ಹಾಕಿದಳು. ಮಗುವಿಗೆ ಅಂಗಿ ತೊಡಿಸಿ, ಮುಂದಿನ ತಿಂಗಳು ಇದೇ ದಿನ ಬರುತ್ತೇನೆ ಎಂದು ಹೇಳಿ ಹೋದಳು. ಬಾಗಿಲು ಹಾಕಿಕೊಂಡು ನಾನು ಅತ್ತುಬಿಟ್ಟೆ.

ನಿನ್ನ
ಕಡ್ಡಿ